ಸುಗಂಧ: ಯಥಾವತ್ ನಕಲೋ, ಹೋಲುವ ಹೊಸದೋ?

ಬಳ್ಳಾರಿ, ರಾಯಚೂರು ಕಡೆ ಮನೆಯಲ್ಲಿಯೇ ಸೆಂಟು ತಯಾರಿಸಲು ಆರಂಭಿಸಿರುವ ನಮ್ಮ ಬಳಗದ ಸದಸ್ಯರು, ಹೆಸರಾಂತ ಸುಗಂಧವನ್ನು ಯಥಾವತ್ತಾಗಿ ನಕಲು ಮಾಡಬೇಕೋ, ಅದನ್ನು ಹೋಲುವ ಬೇರೊಂದನ್ನು ರೂಪಿಸಬೇಕೋ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಒಲವು ಎರಡನೆಯದರ ಕಡೆಗೆ.

ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಂಬ ಪ್ರಯೋಗಾಲಯದ ಪರೀಕ್ಷೆಯು ಸುಗಂಧದಲ್ಲಿ ಆವಿಯಾಗುವ ಘಟಕಗಳನ್ನು ಬೇರ್ಪಡಿಸಿ ತೋರಿಸುತ್ತದೆಯಾದರೂ, ಗುಲಾಬಿ ತೈಲವೊಂದರಲ್ಲಿಯೇ ನೂರಾರು ಘಟಕಗಳಿರುವುದರಿಂದ ಯಾವುದು ಎಲ್ಲಿಂದ ಬಂದಿತೆಂದು ಹೇಳುವುದು ಪರಿಣತರಿಗೂ ಕಷ್ಟ. ದೊಡ್ಡ ತಯಾರಕರು ತಮಗಾಗಿಯೇ ಕಾಯ್ದಿರಿಸಿಕೊಂಡಿರುವ ಕೆಲವು ಪರಿಮಳದ ಅಣುಗಳಂತೂ ನಮಗೆ ಸಿಗುವುದೇ ಇಲ್ಲ. ಹೋಲಿಕೆಯ ದಾರಿ ಕೀಳೇನಲ್ಲ. ಫ್ರಾನ್ಸಿನ ಕೋಟಿ (Coty) ಸಂಸ್ಥೆ 1917ರಲ್ಲಿ ತಂದ ‘ಶೀಪ್ರ್’ ಸುಗಂಧದಲ್ಲಿದ್ದ ಬರ್ಗಮಾಟ್ (ನಿಂಬೆ ಜಾತಿಯ ಹಣ್ಣು) ಮತ್ತು ಓಕ್ ಮರದ ಕಲ್ಲುಹೂವಿನ (ನಮ್ಮ ಮಸಾಲೆಯ ಕಲ್ಲುಹೂವಿನ ಬಂಧುವೇ ಅದು) ಚೌಕಟ್ಟಿಗೆ ಪೀಚ್ ಹಣ್ಣಿನ ಪರಿಮಳ ಬೆರೆಸಿದಂತಿರುವ ‘ಮಿತ್ಸುಕೊ’ವನ್ನು ಗೆರ್ಲಾನ್ ಎಂಬ ಇನ್ನೊಂದು ಸಂಸ್ಥೆ 1919ರಲ್ಲಿ ಹೊರತಂದಿತು.

ಆದ್ದರಿಂದ ಮೂಲದಲ್ಲಿ ಎದ್ದು ಕಾಣುವ ಮೂರ್ನಾಲ್ಕು ಪರಿಮಳಗಳನ್ನಷ್ಟೇ ಗುರುತಿಸಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಪ್ರತಿ ಅಳತೆಯನ್ನೂ ಬರೆದಿಡಿ; ಹನಿಗಳ ಲೆಕ್ಕವನ್ನು ನಂಬಬೇಡಿ. ಮೂಲವನ್ನೂ ನಿಮ್ಮದನ್ನೂ ಎರಡು ಕಾಗದದ ಪಟ್ಟಿಗಳಿಗೆ ಹಚ್ಚಿ, ಕೂಡಲೇ, ಒಂದು ಗಂಟೆಯ ನಂತರ, ಮರುದಿನ ಹೀಗೆ ಮೂರು ಬಾರಿ ಮೂಸಿ ನೋಡಿ. ನಮ್ಮಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದರಿಂದ ನಿಂಬೆ ಜಾತಿಯ ಪರಿಮಳಗಳು ಬೇಗನೆ ಹಾರಿಹೋಗುತ್ತವೆ. ಅದನ್ನು ಸರಿದೂಗಿಸಲು ಗಂಧ, ಲಾವಂಚದ ತಳವನ್ನು (ಕೊನೆಯವರೆಗೆ ಉಳಿಯುವ ಪರಿಮಳವನ್ನು) ಮೂಲಕ್ಕಿಂತ ತುಸು ಹೆಚ್ಚಿಸುವ ಸ್ವಾತಂತ್ರ್ಯ ನಕಲಿನಲ್ಲಿ ಇರುವುದಿಲ್ಲ. ಮಾರುವುದಾದರೆ ಮೂಲದ ಹೆಸರನ್ನಾಗಲಿ ಲೇಬಲನ್ನಾಗಲಿ ಅನುಕರಿಸಬೇಡಿ, ಅದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.