ಕುಡಿತ ಬಿಟ್ಟವರು ಹೊಣೆಯ ಲೆಕ್ಕ ಬರೆಯುವ ಬಗೆ

ಕುಡಿತ ಬಿಡಬೇಕೆಂದು ನಿಶ್ಚಯಿಸಿದ ಮಲೆನಾಡಿನವರಲ್ಲಿ ಅನೇಕರು ಮೊದಲು ಸಿಗಂದೂರಿಗೋ ಧರ್ಮಸ್ಥಳಕ್ಕೋ ಹೋಗಿ ಆಣೆ ಮಾಡುತ್ತಾರೆ. ಆಣೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಮುಂದಿನದನ್ನೆಲ್ಲ ದೇವರೇ ನೋಡಿಕೊಳ್ಳುತ್ತಾನೆಂದು ಕೈಕಟ್ಟಿ ಕುಳಿತರೆ, ಅಡಿಕೆಯ ಕೊನೆಕೊಯ್ಲಿನ ಮೊದಲ ಬಟವಾಡೆಯ ಸಂಜೆಗೇ ಅದು ಮುರಿಯುವುದುಂಟು. ಚಟವೆಂಬುದು ಕಾಯಿಲೆ ಎಂದು ವೈದ್ಯರು ಹೇಳುವುದು ನಿಜ. ಕಾಯಿಲೆ ಬಂದದ್ದು ಅಪರಾಧವಲ್ಲವಾದರೂ ಅದರಿಂದ ಹೊರಬರುವ ಹೊಣೆ ಕುಡಿದವನದೇ.

ಮೊದಲು ದೇಹದ ಮಾತು. ವರ್ಷಗಟ್ಟಲೆ ದಿನವೂ ಕುಡಿದವರು ವೈದ್ಯರನ್ನು ಕಾಣದೆ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು; ಆಮೇಲಿನ ಒಂದೆರಡು ದಿನಗಳಲ್ಲಿ ನಡುಕದೊಂದಿಗೆ ಇಲ್ಲದ್ದು ಕಾಣಿಸುವಂತಾಗಬಹುದು, ಮತ್ತು ಅದು ಜೀವಕ್ಕೇ ಅಪಾಯ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ದಾರಿ ತೋಚದಿದ್ದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರು ಉಚಿತವಾಗಿ ಮಾತಾಡುತ್ತಾರೆ.

ದೇಹ ಸುಧಾರಿಸಿದ ಮೇಲೆ ಒಂದು ನೋಟುಪುಸ್ತಕ ತೆಗೆದುಕೊಳ್ಳಿ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ವ್ಯಸನಿಗಳು ಸೇರಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡುವವರ ಕೂಟದ 12 ಹೆಜ್ಜೆಗಳಲ್ಲಿ ನಾಲ್ಕನೆಯದು, ತನ್ನ ನಡತೆಯನ್ನು ತಾನೇ ಅಂಜದೆ ಪಟ್ಟಿ ಮಾಡುವುದು. ‘ಹೆಂಡತಿಗೆ ತೊಂದರೆ ಕೊಟ್ಟೆ’ ಎಂದು ಬರೆದರೆ ಅದು ಲೆಕ್ಕವಲ್ಲ. ‘ಮಗಳ ಹಾಸ್ಟೆಲ್ ಫೀಸಿಗೆಂದು ಅವಳು ಸೀರೆಯ ಮಡಿಕೆಯಲ್ಲಿಟ್ಟಿದ್ದ ಹಣವನ್ನು ಕದ್ದು ಕುಡಿದೆ, ಕೇಳಿದಾಗ ತಮ್ಮನ ಮೇಲೆ ಹೊರಿಸಿದೆ’ ಎಂದು ಬರೆದರೆ ಲೆಕ್ಕ. ಬರೆದದ್ದರಲ್ಲಿ ಜಡಿಮಳೆಯ ಚಳಿಯೋ ಎಳೆದೊಯ್ದ ಗೆಳೆಯರೋ ನುಸುಳಿದ್ದರೆ ಹೊಡೆದುಹಾಕಿ. ಅವರ ಲೆಕ್ಕ ಬರೆಯುವುದು ನಿಮ್ಮ ಕೆಲಸವಲ್ಲ.

ಬರೆದದ್ದನ್ನು ಒಬ್ಬರೆದುರು ಓದಬೇಕು. ಮನೆಯವರೆದುರು ಬೇಡ, ಅವರು ಈಗಾಗಲೇ ಸಾಕಷ್ಟು ಹೊತ್ತಿದ್ದಾರೆ. ಮದ್ಯವರ್ಜನ ಶಿಬಿರ ಮುಗಿಸಿ ಬಹುಕಾಲದಿಂದ ಕುಡಿಯದೆ ಇರುವವರು ಸಿಕ್ಕರೆ ಒಳ್ಳೆಯದು. ಅವರು ಬೇರೆ ಊರಿನವರಾದರೆ ಇನ್ನೂ ಒಳ್ಳೆಯದು, ಏಕೆಂದರೆ ನಮ್ಮ ಊರುಗಳಲ್ಲಿ ಮಾತು ಬಸ್ಸಿಗಿಂತ ಮೊದಲೇ ತಲುಪುತ್ತದೆ.

ಅನಂತರ ತೀರಿಸುವ ಕೆಲಸ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಿಮ್ಮ ಪುಟ ತೆರೆಸಿ, ಒಟ್ಟು ಮೊತ್ತವನ್ನು ಗಟ್ಟಿಯಾಗಿ ಓದಿಸಿ, ಪ್ರತಿ ಬಟವಾಡೆಯಲ್ಲೂ ಇಷ್ಟೆಂದು ಕಟ್ಟಿ, ಕಟ್ಟಿದ್ದನ್ನು ಅಲ್ಲೇ ಬರೆಸಿ. ಹಣದ ಸಾಲ ಸುಲಭ. ತಮ್ಮನ ಮೇಲೆ ಹೊರಿಸಿದ ಕಳವನ್ನು, ಅಂದು ಅದನ್ನು ಕೇಳಿಸಿಕೊಂಡವರೆದುರೇ ತನ್ನದೆಂದು ಹೇಳುವುದು ಕಷ್ಟ. ಹೇಳಿದ್ದರಿಂದ ಮತ್ತೊಬ್ಬರಿಗೆ ನೋವೋ ಹಾನಿಯೋ ಆಗುವುದಾದರೆ ಮಾತ್ರ ಸುಮ್ಮನಿರಬಹುದು. ಒಂಬತ್ತನೆಯ ಹೆಜ್ಜೆಯೂ ಇಷ್ಟಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ಕ್ಷಮೆಯನ್ನು ಬಾಕಿ ವಸೂಲಿಯಂತೆ ಕೇಳಬೇಡಿ. ಹೆಂಡತಿ ಇನ್ನೂ ಬೀರುವಿನ ಕೀಲಿ ಬಚ್ಚಿಡುತ್ತಿದ್ದರೆ ಅದು ಅವಳ ಹಕ್ಕು.

ಆ ಹೆಜ್ಜೆಗಳು ದೇವರೆಂದರೆ ಇಂಥವನೇ ಎಂದು ಹೇಳುವುದಿಲ್ಲ. ಅವರವರು ತಿಳಿದ ಹಾಗೆ ಎನ್ನುತ್ತವೆ. ದೀಪ ಹಚ್ಚುವವರು ಹಚ್ಚಲಿ, ಒಲ್ಲದವರು ಸುಮ್ಮನೆ ಕೂರಲಿ. ಆದರೆ ಇಬ್ಬರೂ ಮಲಗುವ ಮೊದಲು ಆ ದಿನದ ಸುಳ್ಳು, ಸಿಟ್ಟು, ಕುಡಿಯುವ ಆಸೆ ಹುಟ್ಟಿದ ಗಳಿಗೆ ಇವನ್ನು ಬರೆಯಲೇಬೇಕು. ನನ್ನ ಮಟ್ಟಿಗೆ ಅಧ್ಯಾತ್ಮವೆಂದರೆ ಈ ಬರವಣಿಗೆಯೇ. ಎಂದಾದರೂ ಮತ್ತೆ ಕುಡಿದುಬಿಟ್ಟರೆ ಅದನ್ನೂ ಅದೇ ಪುಸ್ತಕದಲ್ಲಿ ಬರೆದು, ಹಿಂದೆ ಯಾರೆದುರು ಲೆಕ್ಕ ಓದಿದ್ದಿರೋ ಅವರಿಗೆ ಅಮಲು ಇಳಿದೊಡನೆ ಫೋನ್ ಮಾಡಿ ತಿಳಿಸಿ.