ವಿಂಡೋ ಕದಲಲಿಲ್ಲ, ಪೆಟ್ಟಿಗೆ ಹಿಗ್ಗಿತು

ಕೃಷಿ ಮಾರುಕಟ್ಟೆಯ ದರ ತೋರಿಸುವ ಒಂದು ಪುಟ ಕಟ್ಟಿಕೊಡುವ ಕೆಲಸ ಬಂದಿತ್ತು. ಎಡಕ್ಕೆ ಸರಕುಗಳ ಪಟ್ಟಿ, ಬಲಕ್ಕೆ ಕ್ಯಾನ್ವಾಸ್ (ಕೋಡ್ ಮೂಲಕ ಚಿತ್ರ ಬಿಡಿಸಲು ಪುಟದಲ್ಲಿಡುವ ಹಲಗೆ) ಮೇಲೆ ಬರೆದ ದರದ ಗ್ರಾಫ್. ವಿಂಡೋ ಎಳೆದು ಚಿಕ್ಕದು ಮಾಡಿದರೆ ಗ್ರಾಫ್ ಕೂಡ ಹೇಳಿದ ಮಾತು ಕೇಳಿ ಚಿಕ್ಕದಾಗುತ್ತಿತ್ತು. ಗ್ರಾಹಕರಿಗೆ ತೋರಿಸುವ ದಿನ ಅವರು ಮೊದಲು ಒತ್ತಿದ್ದೇ ಎಡಪಟ್ಟಿಯನ್ನು ಮಡಚುವ ಗುಂಡಿ. ಪಟ್ಟಿ ಸರಿಯಿತು, ಜಾಗ ತೆರವಾಯಿತು, ಗ್ರಾಫ್ ಮಾತ್ರ ಹಳೆಯ ಅಗಲದಲ್ಲೇ ಕುಳಿತಿತ್ತು. "ಏನು ಸರ್ ಇದು, ಅರ್ಧ ಗೋಡೆಗೆ ಸುಣ್ಣ ಬಳಿದು ಊಟಕ್ಕೆ ಹೋದ ಹಾಗಿದೆ" ಎಂದರು.

ನಾನು ಕಿವಿಗೊಟ್ಟಿದ್ದು ವಿಂಡೋದ ರೀಸೈಝ್ ಈವೆಂಟ್‌ಗೆ, ಅಂದರೆ ವಿಂಡೋದ ಅಳತೆ ಬದಲಾದಾಗ ಬ್ರೌಸರ್ ಕೊಡುವ ಸೂಚನೆಗೆ. ವಿಂಡೋ ಕದಲದೆ ಒಳಗೆ ಗ್ರಾಫ್ ಇರುವ ಪೆಟ್ಟಿಗೆಯಷ್ಟೇ ಹಿಗ್ಗಿದರೆ ಅದು ತುಟಿ ಬಿಚ್ಚುವುದಿಲ್ಲ. ಅಂದು ರಾತ್ರಿ ತೇಪೆ ಹಾಕಿದೆ: ಗುಂಡಿ ಒತ್ತಿದ 300 ಮಿಲಿಸೆಕೆಂಡಿನ ನಂತರ ಗ್ರಾಫನ್ನು ಮತ್ತೆ ಬರೆ. ಪಟ್ಟಿ ಮಡಚುವ ಅನಿಮೇಶನ್ ಅಷ್ಟೇ ಹೊತ್ತಿನದಾಗಿತ್ತು.

ತೇಪೆ ಎರಡು ದಿನ ಬಾಳಿತು. ಆಮೇಲೆ ಗ್ರಾಫಿನ ಬಲತುದಿ ಕತ್ತರಿಸಿ ಹೋಗುತ್ತಿದೆ ಎಂಬ ದೂರು ಬಂತು, ಅದೂ ನಿಧಾನಗತಿಯ ನೆಟ್‌ವರ್ಕ್ ಇದ್ದವರಿಂದ ಮಾತ್ರ. ಪಟ್ಟಿಯ ಅಗಲವನ್ನು ಅದರಲ್ಲಿನ ಅತಿ ಉದ್ದದ ಪದಕ್ಕೆ ಬಿಟ್ಟಿದ್ದೆ, ಆ ಪದ 'ಒಣಮೆಣಸಿನಕಾಯಿ'. ಮೊದಲು ಸಾಧನದಲ್ಲಿದ್ದ ಫಾಂಟ್‌ನಲ್ಲಿ ಮೂಡಿ, ನಮ್ಮ ಕನ್ನಡ ಫಾಂಟ್ ತಡವಾಗಿ ಬಂದೊಡನೆ ಅದು ಇಪ್ಪತ್ತು ಪಿಕ್ಸೆಲ್‌ಗಿಂತ ಹೆಚ್ಚು ಹಿಗ್ಗುತ್ತಿತ್ತು. ಪಟ್ಟಿ ಬೆಳೆದಷ್ಟು ಗ್ರಾಫಿನ ಜಾಗ ಕುಗ್ಗುತ್ತಿತ್ತು. ಇಲ್ಲಿ ಯಾರೂ ಗುಂಡಿ ಒತ್ತಿರಲಿಲ್ಲ. ಒಂದೊಂದು ಕಾರಣಕ್ಕೆ ಒಂದೊಂದು ತೇಪೆ ಹಾಕುತ್ತಾ ಹೋದರೆ ಮುಗಿಯುವ ಕೆಲಸವಲ್ಲ ಎಂದು ಆಗ ತಲೆಗೆ ಹೋಯಿತು. ಹಿಂದಿನ ಒಂದು ಕೆಲಸದಲ್ಲಿ ಇದೇ ತೊಂದರೆಗೆ ಟೈಮರ್ ಇಟ್ಟು, ಸೆಕೆಂಡಿಗೆ ಐದು ಸಲ ಅಗಲ ಅಳೆದಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ರೀಸೈಝ್ ಅಬ್ಸರ್ವರ್ ಬಳಸಿದೆ, ಪುಟದೊಳಗಿನ ಪೆಟ್ಟಿಗೆಯ ಅಳತೆ ಬದಲಾದರೆ ತಿಳಿಸುವ ಬ್ರೌಸರಿನ ಸೌಲಭ್ಯ ಅದು. ಕ್ರೋಮ್‌ಗೆ ಅದು 2018ರಲ್ಲಿ, ಫೈರ್‌ಫಾಕ್ಸ್‌ಗೆ 2019ರಲ್ಲಿ, ಸಫಾರಿಗೆ 2020ರಲ್ಲಿ ಬಂದಿದೆ. ಯಾವ ಪೆಟ್ಟಿಗೆಯ ಮೇಲೆ ಕಣ್ಣಿಡಬೇಕೆಂದು ಹೇಳಿಬಿಟ್ಟರೆ ಸಾಕು, ಅದರ ಅಳತೆ ಯಾಕೆ ಬದಲಾಯಿತು ಎಂಬುದು ನಮಗೆ ಬೇಡ. ಬ್ರೌಸರ್ ಪುಟದ ಅಳತೆಗಳನ್ನೆಲ್ಲ ಲೆಕ್ಕ ಹಾಕಿದ ಮೇಲೆ, ಪರದೆಗೆ ಬಣ್ಣ ಹಚ್ಚುವ ಮುಂಚೆ ನಾವು ಕೊಟ್ಟ ಕೋಡನ್ನು ಕರೆಯುತ್ತದೆ. ಕಣ್ಣಿಡಲು ಹೇಳಿದ ಕೂಡಲೇ ಮೊದಲ ಅಳತೆಯನ್ನೂ ಕೊಡುವುದರಿಂದ ಆರಂಭದ ಗ್ರಾಫಿಗೆ ಬೇರೆ ಕೋಡ್ ಬೇಕಾಗಲಿಲ್ಲ.

ಆದರೆ ಅತಿ ಜಾಣತನ ಮಾಡಲು ಹೋಗಿ ಎಡವಿದೆ. ಕ್ಯಾನ್ವಾಸಿನ ಅಗಲವನ್ನು ಆ ಕರೆಯಲ್ಲೇ ಬದಲಿಸಿ, ಗೆರೆ ಎಳೆಯುವುದನ್ನು ಮುಂದಿನ ಫ್ರೇಮಿಗೆ, ಅಂದರೆ ಪರದೆಗೆ ಮುಂದಿನ ಸಲ ಬಣ್ಣ ಹಚ್ಚುವ ಹೊತ್ತಿಗೆ, ತಳ್ಳಿದೆ. ಪಟ್ಟಿ ಮಡಚುವಾಗಲೆಲ್ಲ ಗ್ರಾಫ್ ಮಿಣಮಿಣ ಎನ್ನತೊಡಗಿತು. ಕ್ಯಾನ್ವಾಸಿನ ಅಗಲ ಮುಟ್ಟಿದರೆ ಅದರ ಮೇಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಹೀಗಾಗಿ ಪ್ರತಿ ಸಲವೂ ಒಂದು ಫ್ರೇಮ್ ಖಾಲಿ ಹಲಗೆ ಕಾಣುತ್ತಿತ್ತು. ಎರಡೂ ಕೆಲಸವನ್ನು ಒಂದೇ ಕರೆಯಲ್ಲಿ ಮುಗಿಸಿದ ಮೇಲೆ ಅದು ನಿಂತಿತು.

ಇನ್ನೊಂದು ತಕರಾರು ನನ್ನನ್ನು ಒಂದು ವಾರ ಕಾಡಿತು. ಗ್ರಾಹಕರ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಗ್ರಾಫ್ ನಡುಗುತ್ತಿತ್ತು, ನನ್ನ ಮ್ಯಾಕ್‌ನಲ್ಲಿ ಬಂಡೆಯಂತೆ ನಿಂತಿತ್ತು. ಅವರಲ್ಲಿಗೇ ಹೋಗಿ ಅಗಲವನ್ನು ಬ್ರೌಸರಿನ ಕನ್ಸೋಲಿನಲ್ಲಿ (ಕೋಡಿನ ಸಂದೇಶಗಳು ಕಾಣುವ ಜಾಗ) ಮುದ್ರಿಸಿದೆ: 612, 595, 612, 595. ವ್ಯತ್ಯಾಸ 17 ಪಿಕ್ಸೆಲ್, ಅಂದರೆ ಸರಿಯಾಗಿ ಒಂದು ಸ್ಕ್ರಾಲ್‌ಬಾರಿನ ಅಗಲ. ಗ್ರಾಫಿನ ಎತ್ತರವನ್ನು ಅಗಲಕ್ಕೆ ತಕ್ಕಂತೆ ನಾನೇ ಲೆಕ್ಕ ಹಾಕುತ್ತಿದ್ದೆ. ಅಗಲವಿದ್ದಾಗ ಗ್ರಾಫ್ ಎತ್ತರವಾಗಿ ಪುಟದ ಕೆಳಗೆ ಚಾಚುತ್ತಿತ್ತು, ಸ್ಕ್ರಾಲ್‌ಬಾರ್ ಮೂಡಿ ಅಗಲವನ್ನು ತಿನ್ನುತ್ತಿತ್ತು. ಅಗಲ ತಗ್ಗಿದರೆ ಎತ್ತರವೂ ತಗ್ಗಿ, ಸ್ಕ್ರಾಲ್‌ಬಾರ್ ಮಾಯವಾಗಿ, ಮತ್ತೆ ಮೊದಲಿನಿಂದ. ನನ್ನ ಮ್ಯಾಕ್‌ನಲ್ಲಿ ಸ್ಕ್ರಾಲ್‌ಬಾರ್ ಪುಟದ ಮೇಲೆ ತೇಲುತ್ತದೆಯೇ ಹೊರತು ಜಾಗ ಕಬಳಿಸುವುದಿಲ್ಲ. ಕನ್ಸೋಲಿನಲ್ಲಿ ರೀಸೈಝ್ ಅಬ್ಸರ್ವರ್ ಲೂಪ್ ಎಂಬ ದೋಷಸಂದೇಶ ಮುಂಚಿನಿಂದಲೂ ಬರುತ್ತಿತ್ತು, ನಾನೇ ಅಲಕ್ಷ್ಯ ಮಾಡಿದ್ದೆ. ಕಣ್ಣಿಟ್ಟ ಪೆಟ್ಟಿಗೆಯ ಅಳತೆಯನ್ನು ಆ ಕರೆಯೊಳಗೇ ಬದಲಿಸಿದರೆ ಬ್ರೌಸರ್ ಅದೇ ಫ್ರೇಮಿನಲ್ಲಿ ಮತ್ತೆ ಕರೆಯುವುದಿಲ್ಲ. ಆ ಸಂದೇಶ ಬಿಟ್ಟು ಮುಂದಿನ ಫ್ರೇಮಿಗೆ ದೂಡುತ್ತದೆ.

ಮದ್ದು ಸಿಕ್ಕಿದ್ದು ಪುಟದ ರೂಪ ಹೇಳುವ ಸಿಎಸ್‌ಎಸ್‌ ಭಾಷೆಯಲ್ಲಿ. ಹೊರಗಿನ ಪೆಟ್ಟಿಗೆಗೆ 320 ಪಿಕ್ಸೆಲ್ ಎತ್ತರ ನಿಗದಿ ಮಾಡಿ, ಕ್ಯಾನ್ವಾಸನ್ನು ಅದರೊಳಗೆ ಅಬ್ಸಲ್ಯೂಟ್ ಸ್ಥಾನದಲ್ಲಿಟ್ಟೆ, ಅಂದರೆ ಪೆಟ್ಟಿಗೆಯ ಅಳತೆಯ ಲೆಕ್ಕದಿಂದ ಹೊರಗಿಟ್ಟೆ. ಈಗ ಕ್ಯಾನ್ವಾಸ್ ಎಷ್ಟೇ ದೊಡ್ಡದಾದರೂ ಪೆಟ್ಟಿಗೆಯನ್ನು ತಳ್ಳಲಾರದು. ಮಡಚಿದ ಪಟ್ಟಿಯನ್ನು ಮತ್ತೆ ತೆರೆದಾಗ ಗ್ರಾಫ್ ಕುಗ್ಗಲೊಲ್ಲದೆ ಹಟ ಹಿಡಿಯುತ್ತಿದ್ದದ್ದೂ ಇದರಿಂದಲೇ ಹೋಯಿತು. ಪಟ್ಟಿ, ಗ್ರಾಫ್ ಎರಡನ್ನೂ ಅಕ್ಕಪಕ್ಕ ಕೂರಿಸಿದ್ದ ಫ್ಲೆಕ್ಸ್ ಸಾಲಿನಲ್ಲಿರುವ ಪೆಟ್ಟಿಗೆ ತನ್ನೊಳಗಿನ ವಸ್ತುವಿಗಿಂತ ಕಿರಿದಾಗಲು ಸುಲಭಕ್ಕೆ ಒಪ್ಪುವುದಿಲ್ಲ.

ಗ್ರಾಫಿನ ಕೆಳಗಿನ ಬಣ್ಣಗಳ ಸೂಚಿಯನ್ನು ಜಾಗ ನೋಡಿ ಒಂದು ಅಥವಾ ಎರಡು ಸಾಲಿಗೆ ಹೊಂದಿಸುವ ಕೆಲಸವನ್ನೂ ಮೊದಲು ಅಬ್ಸರ್ವರಿಗೇ ಹೊರಿಸಿದ್ದೆ. 2023ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್‌ಗೂ ಕಂಟೇನರ್ ಕ್ವೆರಿ (ಹೊರಗಿನ ಪೆಟ್ಟಿಗೆಯ ಅಳತೆ ನೋಡಿ ರೂಪ ಬದಲಿಸುವ ಸಿಎಸ್‌ಎಸ್ ನಿಯಮ) ಬಂದಾಗ ಆ ಜಾವಾಸ್ಕ್ರಿಪ್ಟನ್ನು ಕಿತ್ತುಹಾಕಿದೆ. ಬರೀ ರೂಪ ಬದಲಿಸುವುದಕ್ಕೆ ಅಳತೆಪಟ್ಟಿ ಹಿಡಿದು ನಿಲ್ಲುವ ಅಗತ್ಯವಿಲ್ಲ. ಕ್ಯಾನ್ವಾಸಿಗೆ ಪಿಕ್ಸೆಲ್ ಲೆಕ್ಕ ಬೇಕು, ಹಾಗಾಗಿ ಅಲ್ಲಿ ಮಾತ್ರ ಅಬ್ಸರ್ವರ್ ಉಳಿದಿದೆ.

ಈಗ ಉಳಿದಿರುವ ದೂರು ಒಂದೇ: ಲ್ಯಾಪ್‌ಟಾಪ್‌ನಿಂದ ವಿಂಡೋವನ್ನು ಪಕ್ಕದ ಮಾನಿಟರಿಗೆ ಎಳೆದರೆ ಗೆರೆಗಳು ಮಸುಕಾಗುತ್ತವೆ. ಪೆಟ್ಟಿಗೆಯ ಅಗಲ ಅಷ್ಟೇ ಇರುವುದರಿಂದ ಅಬ್ಸರ್ವರ್ ಸುಮ್ಮನಿರುತ್ತದೆ, ಬದಲಾಗಿರುವುದು ಪರದೆಯ ಸಾಂದ್ರತೆ, ಅಂದರೆ ಅಷ್ಟೇ ಜಾಗದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದು. ಈ ವಾರ ಅದರ ಬೆನ್ನು ಹತ್ತಿದ್ದೇನೆ.