ಉಂಡ ಮೇಲೆ ಹೊಟ್ಟೆ ತೊಳಸಿದರೆ

ಊಟವಾದ ಮೇಲೆ ವಾಕರಿಕೆ ಬಂದರೆ ನಮ್ಮಲ್ಲಿ ಎಲ್ಲದಕ್ಕೂ ಒಂದೇ ಮಾತು: ಪಿತ್ತ ಆಗಿದೆ, ನಿಂಬೆ ಪಾನಕ ಕುಡಿ. ಪಾನಕ ಆಮೇಲೆ ಇರಲಿ. ಏನು ತಿಂದದ್ದು, ತಿಂದು ಎಷ್ಟು ಹೊತ್ತಾಯಿತು ಅಂತ ಮೊದಲು ಕೇಳಿ.

ಉಂಡು 6 ಗಂಟೆಯೊಳಗೆ ವಾಂತಿ ಶುರುವಾಗಿ, ಜೊತೆಗೆ ಉಂಡವರಿಗೂ ಹಾಗೇ ಆಗಿದ್ದರೆ ಊಟವೇ ಕೆಟ್ಟಿರಬೇಕು. ನನಗೆ ಮೊದಲು ಅನುಮಾನ ಬರುವುದು ರಾತ್ರಿ ಮಿಕ್ಕ ಅನ್ನದ ಮೇಲೆ. ಕುಕ್ಕರಿನಲ್ಲೇ ಬಿಟ್ಟ ಅನ್ನದಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಬೆಳಿಗ್ಗೆ ಅದನ್ನೇ ಚಿತ್ರಾನ್ನ ಮಾಡುತ್ತೇವೆ, ಅಲ್ವಾ? ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಎಷ್ಟೋ ಸಲ ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಅದಕ್ಕೇ ಸೊಸೆಯರಿಗೆ ಹೇಳುತ್ತಿರುತ್ತೇನೆ: ಮಿಕ್ಕ ಅನ್ನವನ್ನು ಅಗಲದ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಕರಿದದ್ದು, ಜಿಡ್ಡಿನದು ತಿಂದಾಗಲೆಲ್ಲ ತೊಳಸಿ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ ಪಿತ್ತಕೋಶದಲ್ಲಿ ಕಲ್ಲಿರಬಹುದು. ಸ್ಕ್ಯಾನ್ ಮಾಡಿಸಿ. ಎದೆ ಉರಿ, ಹುಳಿ ತೇಗು ಇದ್ದರೆ ಅಸಿಡಿಟಿ. ಉಂಡು ಎರಡು ಮೂರು ಗಂಟೆ ಮಲಗಬೇಡಿ.

ಮಾತ್ರೆಗಳನ್ನೂ ನೋಡಿ. ಕಬ್ಬಿಣದ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹಲವರಿಗೆ ಹೊಟ್ಟೆ ತೊಳಸುತ್ತವೆ. ಹಾಗಂತ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ. ಸಕ್ಕರೆ ಕಾಯಿಲೆ ಹಳೆಯದಾದರೆ ಹೊಟ್ಟೆಯ ನರಗಳೂ ಸೋಲಬಹುದು. ಆಗ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ಉಂಡದ್ದು ಬೇಗ ಕೆಳಗಿಳಿಯುವುದಿಲ್ಲ. ಅಂಥವರು ಸ್ವಲ್ಪ ಸ್ವಲ್ಪ, ಹಲವು ಸಲ ಉಣ್ಣಬೇಕು. ಹೆಣ್ಣುಮಕ್ಕಳಿಗೆ ಮುಟ್ಟು ತಡವಾಗಿದ್ದು, ಒಗ್ಗರಣೆಯ ವಾಸನೆಗೇ ವಾಕರಿಕೆ ಬಂದರೆ ಮಾತ್ರೆ ನುಂಗುವ ಮೊದಲು ಬಸಿರಿನ ಪರೀಕ್ಷೆ ಆಗಲಿ.

ವಾಂತಿ ನಿಲ್ಲದಿದ್ದರೆ ಓಆರ್‌ಎಸ್ ಕೊಡಿ. ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮವಾಗಿ ಸವರಿ ಅಳೆದು ಕಲಸಿ. ಗುಟುಕು ಗುಟುಕಾಗಿ ಕುಡಿಸಿ. ನೀರೂ ನಿಲ್ಲದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೊರಡಿ.

ಇನ್ನೊಂದು ಮಾತು, ಇದನ್ನು ಖಂಡಿತ ನೆನಪಿಡಿ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ವಾಕರಿಕೆಯ ಜೊತೆ ತಣ್ಣನೆಯ ಬೆವರು, ಎದೆ ಬಿಗಿತ, ದವಡೆ ಅಥವಾ ಎಡಗೈ ನೋವು ಬಂದರೆ ಅದು ಹೃದಯಾಘಾತ ಇರಬಹುದು. ಗ್ಯಾಸ್ ಅಂದುಕೊಂಡು ಸೋಡಾ ಕುಡಿಸುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.